ಸತ್ತ ಮುಸಿಯನ ಫೋಟೋ: ಒಂಬತ್ತನೇ ತರಗತಿಯ ವಾಟ್ಸ್‌ಆ್ಯಪ್ ಗುಂಪಿನ ಒಂದು ಪ್ರಕರಣ

ಆ ವರ್ಷ ನಮ್ಮ ಒಂಬತ್ತನೇ ತರಗತಿಯಲ್ಲಿ 31 ಮಕ್ಕಳು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ 24 ನಂಬರ್. ಕಳೆದರೆ ಏಳು. ಆ ಏಳು ಮಕ್ಕಳ ನೆನಪು ನನಗೆ ಬಂದದ್ದು ತೀರಾ ತಡವಾಗಿ, ಅದೂ ಬೇರೆ ಏನೋ ಎಡವಟ್ಟು ಆದ ಮೇಲೆ.

ಶಾಲೆ ಸಾಗರ ತಾಲ್ಲೂಕಿನದು, ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬೇಡ. ಎಡವಿದ್ದು ನಾನು, ಊರಲ್ಲ. ಶರಾವತಿ ಹಿನ್ನೀರಿನ ಸೀಮೆ. ಕೆಳಗೆ ಅಡಿಕೆ ತೋಟ, ಅದಕ್ಕೆ ತಾಗಿ ಸೊಪ್ಪಿನ ಬೆಟ್ಟ, ಅದರಾಚೆ ಹಾಡ್ಯ ಅನ್ನುವ ಕಾಡು. ಶಾಲೆಯ ಹಿಂದಿನ ದರೆ ಹತ್ತಿದರೆ ಮೊಬೈಲಿಗೆ ಎರಡು ಕಡ್ಡಿ ಬರುತ್ತದೆ, ಬಸ್ಸು ನಿಲ್ಲುವ ತಿರುವಿನಲ್ಲಿ ಮೂರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಮಲಗುತ್ತದೆ. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ.

ಗುಂಪು ಹುಟ್ಟಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳ ಊರಿಗೆ ಹೋಗಿ ಕಲಿಸುವ ವಿದ್ಯಾಗಮ ಬಂತು, ಅಕ್ಟೋಬರ್‌ನಲ್ಲಿ ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ಚಂದನದಲ್ಲಿ ಪಾಠ ಬರುತ್ತಿತ್ತು. ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಕಟ್ಟಿ, ಒಳಗೆ ಕೂತು ಪಾಠ ಕೇಳಿದ್ದು ಆಗಲೇ. ನೆಟ್‌ವರ್ಕ್ ಕೊಡದಿದ್ದರೆ ವೋಟಿಲ್ಲ ಎಂದು ಊರೂರುಗಳಲ್ಲಿ ಬೋರ್ಡ್ ಬಿದ್ದದ್ದೂ ಆಮೇಲಿನ ದಿನಗಳಲ್ಲೇ. ಶಾಲೆ ತೆರೆದ ಮೇಲೂ ಗುಂಪುಗಳು ಉಳಿದವು. ವರ್ಷವರ್ಷ ಹಳೇ ಮಕ್ಕಳ ನಂಬರ್ ತೆಗೆದು ಹೊಸಬರದ್ದು ಸೇರಿಸುವುದು ಹಾಜರಿ ಪುಸ್ತಕ ಬರೆಯುವಷ್ಟೇ ಸಹಜವಾಗಿಬಿಟ್ಟಿತು.

ನಾನು ಅದರಲ್ಲಿ ಹಾಕುತ್ತಿದ್ದದ್ದು ನೋಟ್ಸಿನ ಪಿಡಿಎಫ್, ಯೂಟ್ಯೂಬಿನ ಕೊಂಡಿ, ಭಾನುವಾರ ಹತ್ತು ಬಹುಆಯ್ಕೆ ಪ್ರಶ್ನೆ. ನೀಲಿ ಟಿಕ್ ಬೀಳುತ್ತಿತ್ತು. ಒಂದೆರಡು ಹೆಬ್ಬೆರಳು, ಒಂದು ‘ಓಕೆ ಮೇಡಂ’. ಆ ಓಕೆ ಬರೆದವರು ಮಗುವಿನ ಅಪ್ಪ. ಫೋನ್ ಅವರದ್ದು, ಬೆಳಿಗ್ಗೆ ಅವರ ಜೇಬಿನಲ್ಲಿ ಸಾಗರಕ್ಕೋ ತೋಟಕ್ಕೋ ಹೋಗಿ ಸಂಜೆ ಮನೆಗೆ ಬರುತ್ತಿತ್ತು. ವಾಟ್ಸ್‌ಆ್ಯಪ್ ಬಳಸಲು 13 ತುಂಬಿದ್ದರೆ ಸಾಕು ಅನ್ನುತ್ತದೆ ಆ ಕಂಪನಿ; 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲ ಮಕ್ಕಳೇ ಅನ್ನುತ್ತದೆ. ನಮ್ಮಲ್ಲಿ ಈ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ಮಕ್ಕಳ ಹೆಸರಿನಲ್ಲಿ ಫೋನೇ ಇರಲಿಲ್ಲ.

ಒಮ್ಮೆ ಒಬ್ಬರು ತಂದೆ ಬೇರೆ ಗುಂಪಿಗೆ ಹಾಕಬೇಕಾದ ಅಡಿಕೆ ಧಾರಣೆಯನ್ನು ನಮ್ಮ ಗುಂಪಿಗೆ ಹಾಕಿದರು. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದರ ಕನಿಷ್ಠ ಮತ್ತು ಗರಿಷ್ಠ ದರ. ಮಾರನೇ ದಿನ ತರಗತಿಯಲ್ಲಿ ಅದರದ್ದೇ ಚರ್ಚೆ. ‘ರಾಶಿ ಇಳಿದಿದೆ ಮಿಸ್, ನಮ್ಮಪ್ಪ ಇನ್ನೂ ಕೊಟ್ಟಿಲ್ಲ’ ಎಂದು ಯಾವತ್ತೂ ಬಾಯಿ ಬಿಡದ ಹುಡುಗಿ ಮಾತಾಡಿದಳು. ಗಣಿತದ ಮೇಷ್ಟ್ರು ಚುರುಕು, ಆ ಪಟ್ಟಿಯನ್ನೇ ಹಿಡಿದು ಎರಡು ವಾರ ಸರಾಸರಿ, ಮಧ್ಯಾಂಕ, ಬಹುಲಕ ಮಾಡಿಸಿದರು. ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು. ಮೂರು ವರ್ಷ ನಾನು ಗುಂಪನ್ನು ಅಂಚೆ ಡಬ್ಬಿ ಮಾಡಿಕೊಂಡಿದ್ದೆ, ನಾನು ಹಾಕಬೇಕು, ಅವರು ತೆಗೆಯಬೇಕು. ಮಕ್ಕಳಿಗೆ ರುಚಿಸಿದ್ದು ಊರಿನ ಮಾತು ದಾರಿ ತಪ್ಪಿ ತರಗತಿಗೆ ಬಂದಾಗ.

ಧ್ವನಿ ಸಂದೇಶ

2024ರ ಜನವರಿ. ಅಡಿಕೆ ಕೊಯ್ಲು ಮುಗಿಯುತ್ತ ಬಂದಿತ್ತು, ಕಾಡಿನ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕೆಲಸ ಶುರುವಾಗಿತ್ತು. ಒಂದು ಬೆಳಿಗ್ಗೆ ತರಗತಿಗೆ ಹೋದರೆ ಬೆಂಚುಗಳ ಲೆಕ್ಕ ತಪ್ಪಿತ್ತು. ಹಾಡ್ಯದ ಅಂಚಿನ ಕೇರಿಯಿಂದ ಬರುವ ಇಬ್ಬರು ಹುಡುಗಿಯರು ಒಂದು ಬೆಂಚಿನಲ್ಲಿ ಇಬ್ಬರೇ. ಉಳಿದ ಕಡೆ ಐದೈದು ಮಂದಿ ಒತ್ತಿಕೊಂಡು ಕೂತಿದ್ದರು. ಕೇಳಿದರೆ ಯಾರೂ ಉಸಿರೆತ್ತಲಿಲ್ಲ. ಬಿಡುವಿನಲ್ಲಿ ಒಬ್ಬಳು ಬಂದು ಮೆಲ್ಲಗೆ ಕೇಳಿದಳು: ‘ಮಿಸ್, ಅವಳ ನೀರಿನ ಬಾಟ್ಲಿ ಮುಟ್ಟಿದ್ರೆ ಬರ್ತದಾ?’

ಏನು ಬರುತ್ತದೆ ಎಂದು ಈ ಕಡೆ ಯಾರೂ ವಿವರಿಸಬೇಕಾಗಿಲ್ಲ. 2019ರಲ್ಲಿ ಇದೇ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆಗೆ ಹಲವರು ತೀರಿಕೊಂಡಾಗ ಈ ಮಕ್ಕಳು ನಾಲ್ಕನೇ ತರಗತಿ. ದೊಡ್ಡವರು ಗಡಿಬಿಡಿಯಲ್ಲಿ ಮಣಿಪಾಲಕ್ಕೆ ಹೊರಟದ್ದು ಅವರಿಗೆ ನೆನಪಿದೆ.

ಹಿಂದಿನ ರಾತ್ರಿ ಊರಿನ ಗುಂಪುಗಳಲ್ಲಿ ಒಂದು ಧ್ವನಿ ಸಂದೇಶ ಓಡಾಡಿತ್ತು. ಒಂದೂಮುಕ್ಕಾಲು ನಿಮಿಷ. ಗಂಡಸಿನ ಗಟ್ಟಿ ದನಿ, ತಾನು ದೊಡ್ಡಾಸ್ಪತ್ರೆಯಲ್ಲಿದ್ದವನು ಎಂಬ ಧಾಟಿ. ನಮ್ಮೂರಲ್ಲಿ ನಿನ್ನೆ ಮುಸಿಯ ಸತ್ತಿದೆ, ಕಾಯಿಲೆ ಬಂದವರ ಉಸಿರಿನಿಂದ ಹರಡುತ್ತದೆ, ಆ ಕೇರಿ ಕಡೆ ಹೋಗಬೇಡಿ, ಸತ್ತ ಮಂಗನ ಹತ್ತಿರ ಸುಳಿಯಬೇಡಿ, ಕೋಳಿ ತಿನ್ನಬೇಡಿ, ಕೊಟ್ಟಿಗೆಗೆ ದರಕು ತರಬೇಡಿ, ಬೆಳ್ಳುಳ್ಳಿ ಅರೆದು ಕೈಗೆ ಹಚ್ಚಿ, ಲಸಿಕೆ ಇದ್ದರೂ ಕೊಡುತ್ತಿಲ್ಲ, ಹೀಗೆ.

ಮಾರನೇ ದಿನದ ಪಾಠವನ್ನು ಬದಿಗಿಟ್ಟೆ. ಪ್ರಾರ್ಥನೆಗೆ ಬಳಸುವ ಸಣ್ಣ ಸ್ಪೀಕರಿಗೆ ನನ್ನ ಫೋನ್ ಜೋಡಿಸಿ ಆ ಸಂದೇಶವನ್ನು ಇಡೀ ತರಗತಿಗೆ ಕೇಳಿಸಿದೆ. ಮಕ್ಕಳು ನಕ್ಕರು, ಮನೆಯಲ್ಲಿ ಹೆದರಿಸಿದ ದನಿ ಶಾಲೆಯ ಸ್ಪೀಕರಿನಲ್ಲಿ ಸಣ್ಣದಾಗಿ ಕೇಳಿತು. ಎರಡನೇ ಸಲ ಹಾಕಿ, ಅವನು ಹೇಳಿದ ಒಂದೊಂದು ಮಾತನ್ನೂ ಕರಿಹಲಗೆಯ ಮೇಲೆ ಬರೆಸಿದೆ. ಹನ್ನೊಂದು ಮಾತು ಸಿಕ್ಕವು.

‘ಇದು ಸತ್ಯವಾ ಸುಳ್ಳಾ?’ ಎಂದರೆ ಅರ್ಧ ಜನ ಸತ್ಯ, ಅರ್ಧ ಜನ ಸುಳ್ಳು. ಇಡೀ ಸಂದೇಶಕ್ಕೆ ಒಂದೇ ತೀರ್ಪು ಬೇಕು ಅವರಿಗೆ. ದೊಡ್ಡವರೂ ಹಾಗೆಯೇ, ನಾನೂ ಆ ಹೊತ್ತಿನ ತನಕ ಹಾಗೆಯೇ. ಮಾತು ಮಾತಾಗಿ ಬಿಡಿಸಿದಾಗ ಬೇರೆಯೇ ಕಂಡಿತು. ಸತ್ತ ಮಂಗನ ಹತ್ತಿರ ಹೋಗಬೇಡಿ ಅಂದದ್ದು ಸರಿ. ದರಕಿನ ಬಗ್ಗೆ ಹೇಳಿದ್ದರಲ್ಲೂ ಹುರುಳಿತ್ತು. ಲಸಿಕೆ ಕೊಡುತ್ತಿಲ್ಲ ಅನ್ನುವುದು ನಿಜ, ‘ಇದ್ದರೂ’ ಅನ್ನುವುದು ಸುಳ್ಳು. ಹಳೇ ಲಸಿಕೆ ಅಷ್ಟಾಗಿ ಕಾಯುವುದಿಲ್ಲ ಎಂದು ಕಂಡುಬಂದು ಅದನ್ನು ನಿಲ್ಲಿಸಿದ್ದರು. ಉಸಿರಿನಿಂದ ಹರಡುತ್ತದೆ ಅನ್ನುವುದು ಶುದ್ಧ ತಪ್ಪು, ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಬೆಂಚು ಖಾಲಿ ಮಾಡಿಸಿದ್ದು ಆ ಒಂದೇ ಮಾತು. ಅದು ನಾಲ್ಕು ನಿಜದ ನಡುವೆ ಕೂತು ಒಳಗೆ ಬಂದಿತ್ತು.

ಸಂದೇಶದ ಮೈಯನ್ನೂ ನೋಡಿದೆವು. ‘ನಮ್ಮೂರು’ ಅಂದರೆ ಯಾವೂರು? ‘ನಿನ್ನೆ’ ಅಂದರೆ ಎಂದಿನ ನಿನ್ನೆ? ಮೇಲ್ಗಡೆ ಜೋಡಿ ಬಾಣದ ಗುರುತಿತ್ತು. ಫಾರ್ವರ್ಡ್ ಆದದ್ದಕ್ಕೆ ಗುರುತು ಹಾಕಲು ವಾಟ್ಸ್‌ಆ್ಯಪ್ ಶುರುಮಾಡಿದ್ದು 2018ರಲ್ಲಿ, ಸುಳ್ಳು ಸಂದೇಶ ನಂಬಿ ಜನ ಜನರನ್ನೇ ಹೊಡೆದು ಕೊಂದ ಸುದ್ದಿಗಳು ದೇಶದಲ್ಲಿ ಸಾಲುಸಾಲಾಗಿ ಬಂದ ಮೇಲೆ. ಜೋಡಿ ಬಾಣ ಇದ್ದರೆ ಅದು ಕೈಯಿಂದ ಕೈಗೆ ಕನಿಷ್ಠ ಐದು ಸಲ ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸಬಹುದು. ‘ಸೇವ್ ಮಾಡ್ಕಂಡು ಹೊಸದಾಗಿ ಹಾಕಿದ್ರೆ ಬಾಣ ಹೋಗ್ತದೆ ಮಿಸ್’ ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಅದೂ ನಿಜವೇ. ಅವರಿಗೆ ಯಂತ್ರ ಗೊತ್ತು, ನನಗಿಂತ ಚೆನ್ನಾಗಿ.

ಈ ಕಾಯಿಲೆ ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಚ್ಚಿ. ಹಾಗಾಗಿ ಉಣುಗಿನ ಪಾಠ ತಾನಾಗಿ ಬಂತು. ಸೂಕ್ಷ್ಮಜೀವಿಗಳ ಪಾಠ ಎಂಟನೇ ತರಗತಿಯಲ್ಲೇ ಮುಗಿದಿರುತ್ತದೆ, ಬ್ಯಾಕ್ಟೀರಿಯ ವೈರಸ್ ಎಂದು ಬಾಯಿಪಾಠ ಇರುತ್ತದೆ. ಆದರೆ ಉಣುಗು ಕೀಟವಲ್ಲ, ಜೇಡ ಚೇಳುಗಳ ಬಳಗ, ಮೊಟ್ಟೆಯಿಂದ ಹೊರಬಿದ್ದ ಮರಿಗೆ ಆರು ಕಾಲು, ಪೊರೆ ಕಳಚಿ ಮುಂದಿನ ಹಂತಕ್ಕೆ ಬಂದಾಗ ಎಂಟು ಎಂದರೆ ಯಾರೂ ನಂಬಲಿಲ್ಲ. ದನದ ಕಿವಿಯಿಂದ ದಿನಾ ಕಿತ್ತು ಹಾಕುವವರೇ ಎಲ್ಲರೂ, ಕಾಲು ಎಣಿಸಿದವರು ಒಬ್ಬರೂ ಇಲ್ಲ. ಮಂಗನ ಕಾಯಿಲೆ ತರುವ ಹೀಮಾಫೈಸಾಲಿಸ್ ಉಣುಗು ಮಳೆಗಾಲ ಕಳೆದ ಮೇಲೆ ಮರಿಯಾಗಿ, ಡಿಸೆಂಬರಿನಿಂದ ಮೇ ತನಕ ಆ ನಡುವಿನ ಹಂತದಲ್ಲಿರುತ್ತದೆ. ಗಸಗಸೆ ಕಾಳಿನಷ್ಟು ಇರುವ ಆ ಹಂತದ್ದೇ ಮನುಷ್ಯರಿಗೆ ಹೆಚ್ಚು ಕಚ್ಚುವುದು. ದರಕು ಗುಡಿಸಲು ಕಾಡಿಗೆ ಹೋಗುವ ತಿಂಗಳೂ ಅದೇ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ತಣ್ಣಗಾದ ಮೈ ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಸತ್ತ ಮಂಗಕ್ಕಿಂತ ಅದು ಬಿದ್ದ ಜಾಗ ಅಪಾಯ. ಇದನ್ನೂ ಹೇಳಿದ್ದೆ. ಹೇಳಿದ್ದೆ ಎಂದು ಒತ್ತಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ಈ ಕಾಯಿಲೆಗೆ ಜಗತ್ತಿನ ಪುಸ್ತಕಗಳಲ್ಲಿ ಇರುವ ಹೆಸರು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನದ್ದು ಎಂದಾಗ ತರಗತಿಗೆ ಒಂಥರಾ ಹೆಮ್ಮೆ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದರು. ಏಷ್ಯಾಕ್ಕೆ ಕಾಲಿಡದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ಮೊದಲು ಹೆದರಿದ್ದರು. ‘ಆಗ ಯಾರು ಮಿಸ್ ಫಾರ್ವರ್ಡ್ ಮಾಡಿದ್ದು?’ ಎಂದು ಒಬ್ಬ ಕೇಳಿದ. ನಕ್ಕು ಸುಮ್ಮನಾದೆ. ಒಳ್ಳೆಯ ಪ್ರಶ್ನೆ ಎಂದು ರಾತ್ರಿ ಅನ್ನಿಸಿತು.

ಸಂಜೆ ಆರು ಗಂಟೆ ಹತ್ತು ನಿಮಿಷ

ಪಾಠ ಗೆದ್ದ ಖುಷಿಯಲ್ಲಿ ನಾನು ಸಂಜೆ ದರೆ ಹತ್ತಿ ಗುಂಪಿಗೆ ಹೀಗೆ ಬರೆದೆ: ‘ನಿಮ್ಮ ಮನೆಯ ಸುತ್ತ ಉಣುಗು ಇರಬಹುದಾದ ಜಾಗಗಳ ಫೋಟೋ ತೆಗೆದು ಹಾಕಿ. ಕೊಟ್ಟಿಗೆ, ದರಕಿನ ರಾಶಿ, ತೋಟದ ದಾರಿ. ನಾಳೆ ಚರ್ಚಿಸೋಣ.’ ಮೂರು ವರ್ಷದಲ್ಲಿ ಮೊದಲ ಸಲ ಗುಂಪು ಗದ್ದಲವಾಯಿತು. ಕೊಟ್ಟಿಗೆಗಳು, ಎಮ್ಮೆಯ ಕಿವಿ, ಒಂದು ನಾಯಿ.

ಆರು ಹತ್ತಕ್ಕೆ ಇನ್ನೊಂದು ಫೋಟೋ ಬಂತು. ಸತ್ತ ಮುಸಿಯ. ಕಪ್ಪು ಮುಖ, ಅರೆ ತೆರೆದ ಕಣ್ಣು. ಒಂದೇ ಮಾರು ದೂರದಿಂದ ಬಾಗಿ ತೆಗೆದದ್ದು. ಚೌಕಟ್ಟಿನ ಕೆಳಗಿನ ಅಂಚಿನಲ್ಲಿ ಹವಾಯಿ ಚಪ್ಪಲಿ ಹಾಕಿದ ಹೆಬ್ಬೆರಳು ಕಾಣುತ್ತಿತ್ತು.

ಹುಡುಗ ಕೊನೆಗಾರರ ಮನೆಯವನು. ಅಪ್ಪ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಅವರು ಸ್ನಾನಕ್ಕೆ ಹೋದಾಗ ಫೋನ್ ಎತ್ತಿಕೊಂಡು ಹಾಡ್ಯದೊಳಗೆ ಹೋಗಿದ್ದ. ಪಾಠದಲ್ಲಿ ‘ಹತ್ತಿರ ಹೋಗಬೇಡಿ’ ಎಂದು ನಾನು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ಆಮೇಲೆ ಕೇಳಿದಾಗ ತಾನೇ ಹೇಳಿದ. ‘ಆದ್ರೆ ನೀವೇ ಫೋಟೋ ಹಾಕಿ ಅಂದ್ರಲ್ಲ ಮಿಸ್. ಎಲ್ಲಾರೂ ಕೊಟ್ಟಿಗೆ ಹಾಕಿದ್ರು.’ ಎಲ್ಲರದ್ದಕ್ಕಿಂತ ಒಳ್ಳೆಯದನ್ನು ಹಾಕಬೇಕಿತ್ತು ಅವನಿಗೆ. ಪ್ರಶ್ನೆ ಪತ್ರಿಕೆಯಲ್ಲಿ ಹೆಚ್ಚುವರಿ ಹಾಳೆ ಕೇಳುವ ಮಕ್ಕಳಿರುತ್ತಾರಲ್ಲ, ಅವನು ಅಂಥವನಲ್ಲ. ಆವತ್ತು ಮಾತ್ರ ಕೇಳಿದ್ದ.

ಗುಂಪಿನಿಂದ ಅಳಿಸುವ ಹೊತ್ತಿಗೆ ಅದು ಹೊರಟುಹೋಗಿತ್ತು. ರಾತ್ರಿ ಒಂಬತ್ತೂವರೆಗೆ ಶಿವಮೊಗ್ಗದಲ್ಲಿರುವ ನನ್ನ ನಾದಿನಿ ಅದೇ ಫೋಟೋವನ್ನು ನಮ್ಮ ಮನೆಯವರ ಗುಂಪಿಗೆ ಹಾಕಿದಳು. ಜೋಡಿ ಬಾಣ. ಕೆಳಗೆ ನಮ್ಮೂರಿನ ಹೆಸರು, ಕೇರಿಯ ಹೆಸರು, ‘ಇಬ್ಬರು ಬಲಿ’ ಎಂಬ ಸಾಲು. ಯಾರೂ ಸತ್ತಿರಲಿಲ್ಲ. ಕೇರಿಯಲ್ಲಿ ಒಬ್ಬ ಹೆಂಗಸಿಗೆ ಜ್ವರ ಇತ್ತು, ರಕ್ತ ಪರೀಕ್ಷೆಗೆ ಕಳಿಸಿದ್ದರು, ವರದಿ ಬಂದಿರಲಿಲ್ಲ. ಮಾರನೇ ದಿನ ಹಾಲಿನ ಡೇರಿಯಲ್ಲಿ ಆ ಮನೆಯ ಹಾಲನ್ನು ಬೇರೆ ಇಟ್ಟರಂತೆ. ಬೆಂಚಿನಲ್ಲಿ ಇಬ್ಬರೇ ಕೂತಿದ್ದ ಹುಡುಗಿಯರಲ್ಲಿ ಒಬ್ಬಳು ಆ ಮನೆಯವಳು. ಅವಳು ಮೂರು ದಿನ ಶಾಲೆಗೇ ಬರಲಿಲ್ಲ.

ನಾನು ಫಾರ್ವರ್ಡಿನ ವಿರುದ್ಧ ಪಾಠ ಮಾಡಿ, ಅದೇ ದಿನ ಸಂಜೆಗೇ ಅದಕ್ಕಿಂತ ದೊಡ್ಡ ಫಾರ್ವರ್ಡ್ ಹುಟ್ಟಿಸಿದ್ದೆ.

ಬೆಳಿಗ್ಗೆ ಬೇಗ ಹುಡುಗನ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ‘ಬನ್ನಿ ಅಕ್ಕೋರೇ, ರಾತ್ರಿನೇ ಬಿಸಿನೀರು ಹಾಕಿ ಉಜ್ಜೀವಿ. ಬಟ್ಟೇನೂ ಬೇಯ್ಸೀವಿ. ನಾವು ಕಾಣದ್ದಾ ಉಣುಗು’ ಎಂದರು, ಸಿಟ್ಟಿಲ್ಲದೆ. ಅಪ್ಪನಿಗೆ ಸಿಟ್ಟಿತ್ತು. ‘ಓದ್ಸಿ ಅಂತ ಕಳ್ಸಿದ್ರೆ ಮೊಬೈಲ್ ಹಿಡ್ಸಿ ಹೆಣದ ಹತ್ರ ಕಳ್ಸ್ತೀರಲ್ಲ ಮೇಡಂ.’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಒಂದು ತೊಡಕನ್ನು ಮುಚ್ಚಿಡಬಾರದು. ಆ ಮುಸಿಯ ಸತ್ತದ್ದು ಆಸ್ಪತ್ರೆಯವರಿಗೆ ಗೊತ್ತಾದದ್ದೇ ಆ ಫೋಟೋದಿಂದ. ಧ್ವನಿ ಸಂದೇಶ ಹೇಳುತ್ತಿದ್ದ ಮಂಗ ಬೇರೆ ಯಾವುದೋ ಊರಿನದ್ದು, ಬಹುಶಃ ಬೇರೆ ಯಾವುದೋ ವರ್ಷದ್ದು. ಇದು ನಿಜವಾಗಿ ನಮ್ಮೂರಿನದ್ದು. ಫೋಟೋ ನೋಡಿ ಮಧ್ಯಾಹ್ನದ ಹೊತ್ತಿಗೆ ಬಂದರು, ಸುತ್ತ ಪುಡಿ ಹೊಡೆದರು, ಮಾದರಿ ತೆಗೆದುಕೊಂಡು ಕಳೇಬರ ಸುಟ್ಟರು, ಆಶಾ ಕಾರ್ಯಕರ್ತೆ ಕೇರಿಗೆಲ್ಲ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟರು. ಮಂಗನ ಸಾವು ಬೇಗ ತಿಳಿಯುವುದರ ಮೇಲೆಯೇ ಈ ಕಾಯಿಲೆಯ ಮುಂಜಾಗ್ರತೆ ಎಲ್ಲ ನಿಂತಿದೆ. ಹುಡುಗ ಮಾಡಿದ್ದು ಊರಿಗೆ ಬೇಕಾದ ಕೆಲಸ, ಮಾಡಬಾರದ ರೀತಿಯಲ್ಲಿ, ಹೋಗಬಾರದ ವಿಳಾಸಕ್ಕೆ.

ಉಣುಗು ಕಚ್ಚಿದರೆ ಜ್ವರ ಕಾಣಿಸಿಕೊಳ್ಳಲು ಮೂರರಿಂದ ಎಂಟು ದಿನ. ನಾನು ಎಂಟು ದಿನ ಎಣಿಸಿದೆ. ದಿನಾ ಬೆಳಿಗ್ಗೆ ಹಾಜರಿ ಕೂಗುವ ಮೊದಲು ಅವನ ಹಣೆ ಮುಟ್ಟುತ್ತಿದ್ದೆ, ಅವನು ನಾಚುತ್ತಿದ್ದ. ಐದನೇ ದಿನ ಬರಲಿಲ್ಲ. ಎರಡನೇ ಪಿರಿಯಡ್‌ನಲ್ಲಿ ನನ್ನ ಬಾಯಿಂದ ಪಾಠ ಹೊರಡಲಿಲ್ಲ. ಮಧ್ಯಾಹ್ನ ಗೊತ್ತಾಯಿತು, ಕಡೇ ಕೊಯ್ಲಿಗೆ ಆಳು ಸಿಗದೆ ಅಪ್ಪ ಕರೆದುಕೊಂಡು ಹೋಗಿದ್ದರು. ಒಂಬತ್ತನೇ ದಿನ ಅವನು ಎಂದಿನಂತೆ ಹೋಂವರ್ಕ್ ಮಾಡದೆ ಬಂದ. ಹೆಂಗಸಿನ ವರದಿಯೂ ಬಂತು, ಮಂಗನ ಕಾಯಿಲೆ ಅಲ್ಲ. ಆ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಬಂದ ಮಾತಿನ ಪುಸ್ತಕ

ಹೆಡ್‌ಮಾಸ್ಟರು ಗುಂಪನ್ನು ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದರು. ಪೋಷಕರ ಸಭೆಯಲ್ಲಿ ಗುಂಪು ಮುಚ್ಚಿಬಿಡಿ ಎಂದವರೂ ಇದ್ದರು. ಮುಚ್ಚಬಹುದಿತ್ತು. ಆದರೆ ನಮ್ಮ ಗುಂಪು ಮುಚ್ಚಿದರೂ ಊರಿನ ಗುಂಪುಗಳಲ್ಲಿ ಧ್ವನಿ ಸಂದೇಶ ಓಡಾಡುತ್ತಲೇ ಇರುತ್ತದೆ, ಬೆಂಚು ಖಾಲಿಯಾಗುತ್ತಲೇ ಇರುತ್ತದೆ. ಆ ಸಭೆಯಲ್ಲಿ ನನ್ನ ತಪ್ಪು ಒಪ್ಪಿಕೊಂಡು ಒಂದು ಮಾತು ಕೊಟ್ಟೆ: ಇನ್ನು ಮುಂದೆ ಮಕ್ಕಳಿಗೆ ಫೋಟೋ ತೆಗೆಯಿರಿ, ರೆಕಾರ್ಡ್ ಮಾಡಿ, ಹಾಕಿ ಎಂಬ ಕೆಲಸ ಕೊಡುವುದಿಲ್ಲ. ಹೊರಗಿನದು ಒಳಗೆ ಬರಲಿ. ಒಳಗಿನದು ಹೊರಗೆ ಹೋಗಬೇಕಾದರೆ ಇಡೀ ತರಗತಿ ಕೂತು ನೋಡಿದ ಮೇಲೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟೆ. ಮಕ್ಕಳೇ ಅದಕ್ಕೆ ‘ಬಂದ ಮಾತಿನ ಪುಸ್ತಕ’ ಎಂದು ಹೆಸರಿಟ್ಟರು. ಮನೆಗೆ ಏನು ಬಂತು, ಯಾರಿಂದ, ಒಂದು ಬಾಣವಾ ಎರಡಾ, ಅದು ನಮ್ಮನ್ನು ಏನು ಮಾಡು ಅನ್ನುತ್ತದೆ, ಇಷ್ಟನ್ನು ಪೆನ್ನಿನಲ್ಲಿ ಬರೆಯುವುದು. ಫೋನ್ ಶಾಲೆಗೆ ತರುವ ಹಾಗಿಲ್ಲ. ಕೈಯಲ್ಲಿ ಬರೆಯುವಾಗಲೇ ಅರ್ಧ ಸಂದೇಶಗಳು ತೆಳ್ಳಗಾಗುತ್ತಿದ್ದವು. ‘ಎಲ್ಲರಿಗೂ ಕಳಿಸಿ’ ಅನ್ನುವ ಸಾಲನ್ನು ಮಸಿಯಲ್ಲಿ ಬರೆದು ನೋಡಿ, ಅದು ಎಷ್ಟು ಪೆದ್ದಾಗಿ ಕಾಣುತ್ತದೆ ಎಂದು.

ಮೊದಲ ವಾರವೇ ಆ ಏಳು ಮಕ್ಕಳು ನನ್ನ ಕಣ್ಣಿಗೆ ಬಿದ್ದರು. ಫೋನ್ ಇಲ್ಲದ ಮನೆಗೆ ಫಾರ್ವರ್ಡ್ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಎಲ್ಲರಿಗಿಂತ ಹೆಚ್ಚು ಬರೆದವನು ತಿರುವಿನಲ್ಲಿ ಸಣ್ಣ ಹೋಟೆಲ್ ನಡೆಸುವ ಹೆಂಗಸಿನ ಮಗ, ಮನೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಹಳೇ ಫೋನ್. ಬಸ್ಸಿಗೆ ಕಾಯುವವರು ಟೀ ಕುಡಿಯುತ್ತ ಜೋರಾಗಿ ಹಾಕಿಕೊಂಡು ಕೇಳುವ ಎಲ್ಲ ಧ್ವನಿ ಸಂದೇಶಗಳೂ ಅವನ ಕಿವಿಗೆ. ‘ಯಾರಿಂದ’ ಎಂಬ ಕಡೆ ಅವನು ‘ಗಜಾನನ ಬಸ್ಸಿಗೆ ಕಾಯ್ತಿದ್ದವರು’ ಎಂದು ಬರೆಯುತ್ತಿದ್ದ. ಬೇರೆ ಮಕ್ಕಳ ಮಾಹಿತಿಗಿಂತ ಅದೇ ಕೆಲಸಕ್ಕೆ ಬಂತು, ಯಾಕೆಂದರೆ ಕೇಳಿದವರು ಆಮೇಲೆ ಏನು ಮಾತಾಡಿಕೊಂಡರು ಎಂಬುದನ್ನೂ ಅವನು ಬರೆಯುತ್ತಿದ್ದ.

ಫೆಬ್ರವರಿಯಲ್ಲಿ ತರಗತಿ ತನ್ನದೇ ಧ್ವನಿ ಸಂದೇಶ ಮಾಡಬೇಕೆಂದು ಹಟ ಹಿಡಿಯಿತು. ಐವತ್ತು ಸೆಕೆಂಡಿನದ್ದು. ಅದರ ಬರವಣಿಗೆಗೆ ಆರು ಪಿರಿಯಡ್ ಹೋದವು. ‘ಉಣ್ಣೆ’ ಅನ್ನಬೇಕೋ ‘ಉಣುಗು’ ಅನ್ನಬೇಕೋ ಎಂಬುದಕ್ಕೇ ಒಂದು ಪಿರಿಯಡ್. ಪುಸ್ತಕದಲ್ಲಿ ಉಣ್ಣೆ, ಅಜ್ಜಿ ಬಾಯಲ್ಲಿ ಉಣುಗು, ಅಜ್ಜಿ ಗೆದ್ದರು. ತಾರೀಖು, ತಾಲ್ಲೂಕು, ನಾವು ಯಾರು ಎಂಬುದನ್ನು ಮೊದಲಲ್ಲೇ ಹೇಳಬೇಕು ಎಂದು ಸೂಚಿಸಿದ್ದು ಜ್ವರದ ಮನೆಯ ಹುಡುಗಿ. ‘ಇಲ್ಲಾಂದ್ರೆ ಮುಂದಿನ ವರ್ಷ ಇದೇ ಬರ್ತದೆ, ನಿನ್ನೆ ಅಂತ.’ ‘ಹೆದರಬೇಡಿ’ ಎಂಬ ಪದವನ್ನು ಸೇರಿಸಿ, ತೆಗೆದು, ಸೇರಿಸಿ, ಕೊನೆಗೆ ತೆಗೆದರು. ಹೆದರಬೇಡಿ ಅಂದ ಕೂಡಲೇ ಜನ ಹೆದರುತ್ತಾರೆ ಎಂಬುದು ಹೋಟೆಲ್ ಹುಡುಗನ ವರದಿ. ಆಸ್ಪತ್ರೆಯ ವೈದ್ಯರು ಒಮ್ಮೆ ಕೇಳಿ ಒಂದು ತಪ್ಪು ತಿದ್ದಿದರು. ದನಿ ಕೊಟ್ಟದ್ದು ಆ ಹುಡುಗಿಯೇ. ಅವಳ ಅಮ್ಮನನ್ನು ಕೇಳಿ, ಅವಳ ಹೆಸರು ಹಾಕದೆ.

ಅದು ಎಷ್ಟು ದೂರ ಹೋಯಿತು? ಮಾರ್ಚ್ ಕೊನೆಯ ತನಕದ ಪುಸ್ತಕ ಎಣಿಸಿದರೆ ಆ ಹಳೇ ಸುಳ್ಳು ಸಂದೇಶ ನಮ್ಮ ಮಕ್ಕಳಿಗೆ ಮತ್ತೆ ಹದಿನಾಲ್ಕು ಸಲ ಬಂದಿತ್ತು. ನಮ್ಮದು ತಿರುಗಿ ಬಂದದ್ದು ಎರಡೇ ಸಲ, ಒಮ್ಮೆ ತೀರ್ಥಹಳ್ಳಿಯ ಚಿಕ್ಕಮ್ಮನಿಂದ, ಒಮ್ಮೆ ಯಾರೋ ಬೆಂಗಳೂರಿನಲ್ಲಿರುವ ಅಣ್ಣನಿಂದ. ಓಟದಲ್ಲಿ ನಾವು ಸೋತೆವು. ಬೆಂಚುಗಳು ಮಾತ್ರ ಹಿಂದಿನಂತಾದವು. ಅದಕ್ಕೆ ಸಂದೇಶ ಕಾರಣವೋ, ಒಟ್ಟಿಗೆ ಕೂತು ಆರು ಪಿರಿಯಡ್ ಜಗಳ ಆಡಿದ್ದು ಕಾರಣವೋ ಎಂದು ಕೇಳಿದರೆ ನಾನು ಜಗಳ ಅನ್ನುತ್ತೇನೆ.

ಅಂಕದ ಮಾತೂ ಬರಬೇಕು, ಇಲ್ಲವಾದರೆ ಓದುವ ಶಿಕ್ಷಕರು ನಂಬುವುದಿಲ್ಲ. ವರ್ಷದ ಕೊನೆಯ ಕಿರುಪರೀಕ್ಷೆಯಲ್ಲಿ ಉಣುಗಿನ ಜೀವನಚಕ್ರ ಬರೆಯಲು ಕೊಟ್ಟಿದ್ದೆ. ಬಹುಪಾಲು ಮಕ್ಕಳು ತಿಂಗಳು ಸಮೇತ ಬರೆದರು, ದರಕು ಗುಡಿಸುವ ಹೊತ್ತಿಗೆ ಹೊಂದಿಸಿದರು. ಅದೇ ಹಾಳೆಯಲ್ಲಿ ಒಂಬತ್ತು ಮಂದಿ ಮಂಗನ ಕಾಯಿಲೆಗೆ ಬ್ಯಾಕ್ಟೀರಿಯ ಕಾರಣ ಎಂದೂ ಬರೆದಿದ್ದರು. ಫಾರ್ವರ್ಡ್ ಸಂದೇಶಗಳಲ್ಲಿ ಎಲ್ಲಿಯೂ ವೈರಸ್ಸಿಗೂ ಬ್ಯಾಕ್ಟೀರಿಯಕ್ಕೂ ಜಗಳ ಇರಲಿಲ್ಲ, ಹಾಗಾಗಿ ನಾವೂ ಅದನ್ನು ಕೆದಕಿರಲಿಲ್ಲ. ಊರಿನ ಮಾತನ್ನೇ ಪಠ್ಯ ಮಾಡಿಕೊಂಡರೆ ಊರು ಎತ್ತದ ಪ್ರಶ್ನೆ ಬಿಟ್ಟುಹೋಗುತ್ತದೆ. ಅದಕ್ಕೆ ಪಠ್ಯಪುಸ್ತಕವೇ ಬೇಕು. ಪಿಡಿಎಫ್ ಈಗಲೂ ಹಾಕುತ್ತೇನೆ, ಆದರೆ ಅದನ್ನು ಓದಿದ್ದಾರೆ ಎಂದು ತಿಳಿಯುವುದಿಲ್ಲ.

ಮಕ್ಕಳು ಹತ್ತನೇ ತರಗತಿಗೆ ಹೋದರು, ಪುಸ್ತಕವೂ ಅವರ ಜೊತೆ ಹೋಯಿತು. ಜುಲೈ ಮೊದಲ ವಾರ ಲಿಂಗನಮಕ್ಕಿಯ ಗೇಟುಗಳೆಲ್ಲ ತೆರೆದು ಜೋಗ ಭೋರ್ಗರೆಯುವ ವಿಡಿಯೋ ‘ಇವತ್ತು’ ಎಂದು ಬಂತು, ಪ್ರತಿ ಮಳೆಗಾಲ ಬರುವ ಹಾಗೆ. ಅಂದಿನ ಜಲಾಶಯದ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿ, ಭರ್ತಿಯಾಗುವ 1819 ಅಡಿಗೆ ಇನ್ನೂ ಎಷ್ಟೋ ಬಾಕಿ ಎಂದು ಲೆಕ್ಕ ಹಾಕಿ, ಯಾರೂ ಹೇಳದೆ ಬರೆದಿಟ್ಟಿದ್ದರು. ಪಕ್ಕದಲ್ಲಿ ಯಾರದೋ ಕೈಬರಹ: ‘ನಮ್ಮಾವ ಇದನ್ನ ನೋಡಿ ಬೆಂಗಳೂರಿಂದ ಕಾರ್ ತಗಂಡು ಹೊರಟಾಯ್ತು.’

ಆ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕೊನೆಗಾರರ ಮನೆಯ ಹುಡುಗ ತಡವಾಗಿ ಬಂದ. ಬಾಗಿಲಲ್ಲೇ ನಿಂತ. ಹಾಡ್ಯದ ಆಚೆ ಇನ್ನೊಂದು ಮಂಗ ಬಿದ್ದಿದೆ, ರಸ್ತೆಯಿಂದಲೇ ನೋಡಿದೆ, ಸೀದಾ ಆಸ್ಪತ್ರೆಗೆ ಹೋಗಿ ಹೇಳಿ ಬಂದೆ ಎಂದ. ಒಳಗೆ ಬಾ ಎಂದರೂ ಬರಲಿಲ್ಲ, ಏನೋ ಉಳಿದಿತ್ತು.

‘ಏನೋ?’

‘ಅಲ್ಲಿ ಕೂತಿದ್ದವರು ಫೋಟೋ ಎಲ್ಲಿ, ಫೋಟೋ ಇಲ್ದೆ ಹ್ಯಾಗೆ ಬರೋದು ಅಂದ್ರು ಮಿಸ್. ನಾನೆಂತ ಹೇಳದು?’